ಅಂಡಮಾನ್ ಸುಳ್ಳಾಗಿಸಿದ ಸೂತ್ರ, ಜೋಕಾಕ್ಕೆ ಉಳಿದ ಪ್ರಶ್ನೆ

ಕೋಲ್ಕತ್ತದ ದಕ್ಷಿಣ ಅಂಚಿನ ಜೋಕಾ ಐಐಎಂನಿಂದ ಹೆಸರಾದ ಊರು. ಈಗ ಅಲ್ಲಿಗೆ ಮೆಟ್ರೊ ಬಂದಿದೆ, ಎತ್ತರದ ವಸತಿ ಕಟ್ಟಡಗಳು ಏಳುತ್ತಿವೆ. ಅವು ನಿಂತಿರುವುದು ಗಂಗೆ ತಂದು ಸುರಿದ, ಕಿಲೋಮೀಟರುಗಟ್ಟಲೆ ದಪ್ಪದ ಮೆಕ್ಕಲಿನ ಮೇಲೆ. ಇನ್ನೂ ಪೂರ್ವಕ್ಕೆ, ಬಾಂಗ್ಲಾದೇಶ, ತ್ರಿಪುರ, ಮಿಜೋರಾಂಗಳ ಅಡಿಯಲ್ಲಿ ಭಾರತ ಫಲಕ ಬರ್ಮಾ ಫಲಕದ ಕೆಳಗೆ ಇಳಿಯುತ್ತಿದೆ. ಇಂಥ ಅಧೋಗಮನ ವಲಯದಲ್ಲಿ ಎಷ್ಟು ದೊಡ್ಡ ಭೂಕಂಪ ಸಾಧ್ಯ ಎಂಬುದನ್ನು ಮೇಲಿನ ಫಲಕದ ವಿರೂಪ ನೋಡಿ ತಿಳಿಯುವ ಪ್ರಯತ್ನ ಅರ್ಧ ಶತಮಾನದಿಂದ ನಡೆದಿದೆ. ಫಲಕದ ಸ್ವಭಾವದಿಂದ ತೀವ್ರತೆಯನ್ನು ಊಹಿಸಿದ ಸೂತ್ರಗಳು ಈ ಅವಧಿಯಲ್ಲಿ ಸೋತಿವೆ. ನೆಲ ನಿಜಕ್ಕೂ ಎಷ್ಟು ಬಾಗಿತು, ಎಷ್ಟು ಎದ್ದಿತು ಎಂದು ಅಳೆದ ಲೆಕ್ಕವೇ ಉಳಿದುಕೊಂಡಿದೆ.

ಅಳತೆಯ ದಾರಿ ತೆರೆದವರು ಭೂವಿಜ್ಞಾನಿ ಜಾರ್ಜ್ ಪ್ಲಾಫ್ಕರ್. 1964ರ ಅಲಾಸ್ಕ ಭೂಕಂಪದ ಬಳಿಕ ಅವರು ಬಂಡೆಗಳಿಗಂಟಿ ಸತ್ತಿದ್ದ ಸಮುದ್ರಚಿಪ್ಪುಗಳ ಎತ್ತರ ಅಳೆದು, ಮೇಲಿನ ಫಲಕ ಎಲ್ಲಿ ಎದ್ದಿತು, ಎಲ್ಲಿ ಕುಸಿಯಿತು ಎಂದು ನಕ್ಷೆ ಬರೆದರು. 1979ರಲ್ಲಿ ಸೆಯಿಯ ಉಯೆಡ ಮತ್ತು ಹಿರೂ ಕನಮೊರಿ ಆ ಜ್ಞಾನವನ್ನು ವರ್ಗೀಕರಣವಾಗಿಸಿದರು: ಮೇಲಿನ ಫಲಕ ಒತ್ತಡಕ್ಕೆ ಸಿಕ್ಕ ಚಿಲಿ ಮಾದರಿಯಲ್ಲಿ ಮಹಾಭೂಕಂಪ, ಹಿಂಬದಿಯಲ್ಲಿ ಫಲಕ ಹಿಗ್ಗುವ ಮರಿಯಾನ ಮಾದರಿಯಲ್ಲಿ ಅಂಥದ್ದಿಲ್ಲ. ಮರುವರ್ಷ ಲ್ಯಾರಿ ರಫ್ ಜೊತೆ ಕನಮೊರಿ ಇಳಿಯುವ ಫಲಕದ ವಯಸ್ಸು, ವೇಗಗಳನ್ನೂ ಲೆಕ್ಕಕ್ಕೆ ಸೇರಿಸಿದರು. ವಿಚಾರ ಅಚ್ಚುಕಟ್ಟಾಗಿತ್ತು, ಎರಡು ದಶಕ ಅನೇಕರು ನಂಬಿದರು.

ಆ ಲೆಕ್ಕದಲ್ಲಿ ಅಂಡಮಾನ್ ಅಪಾಯದ ಪಟ್ಟಿಯ ತಲೆಯಲ್ಲಿರಬೇಕಾದ ಜಾಗವೇ ಅಲ್ಲ. ಹಳೆಯ ಫಲಕ, ನಿಧಾನದ ಚಲನೆ, ಹಿಂದೆ ಹಿಗ್ಗುತ್ತಿರುವ ಅಂಡಮಾನ್ ಸಮುದ್ರ. 2004ರ ಡಿಸೆಂಬರ್ 26ರಂದು ಸುಮಾತ್ರದಿಂದ ಅಂಡಮಾನಿನವರೆಗೆ ಸುಮಾರು 1300 ಕಿ.ಮೀ. ಉದ್ದಕ್ಕೆ ಫಲಕದಂಚು ಸೀಳಿತು; ತೀವ್ರತೆ 9.1. ಉತ್ತರ ಅಂಡಮಾನಿನ ಪಶ್ಚಿಮ ತೀರದಲ್ಲಿ ಹವಳದ ದಿಬ್ಬಗಳು ನೀರಿನಿಂದೆದ್ದು ಬಿಸಿಲಿಗೆ ಸತ್ತವು. ಪೋರ್ಟ್ ಬ್ಲೇರ್ ಹತ್ತಿರ ಹತ್ತಿರ ಒಂದು ಮೀಟರ್ ಕುಸಿದು, ಹೊಲಗಳಿಗೆ ಉಪ್ಪುನೀರು ನುಗ್ಗಿತು. ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ತಗ್ಗಿ, ದೀಪಸ್ತಂಭದ ಬುಡ ಕಡಲು ಸೇರಿತು. ಬೆಂಗಳೂರಿನ ಸಂಸ್ಥೆಗಳಲ್ಲಿ ದುಡಿದ ಕುಸಲಾ ರಾಜೇಂದ್ರನ್ ಮತ್ತು ಸಿ.ಪಿ. ರಾಜೇಂದ್ರನ್ ಈ ದ್ವೀಪಗಳಲ್ಲಿ ಎದ್ದ, ಮುಳುಗಿದ ನೆಲದ ಗುರುತುಗಳನ್ನು ಓದಿ, ಸುಮಾರು ಸಾವಿರ ವರ್ಷದ ಹಿಂದೆಯೂ ಇಂಥದ್ದು ನಡೆದಿರಬಹುದೆಂದು ತೋರಿಸಿದರು. ಭೂಕಂಪಮಾಪಕದ ನೂರು ವರ್ಷದ ದಾಖಲೆಯಲ್ಲಿ ಅದು ಸಿಗುವುದಾದರೂ ಹೇಗೆ?

ಒಂದು ಅಪವಾದದಿಂದ ಸಿದ್ಧಾಂತ ಬೀಳದು ಎನ್ನಬಹುದು. ಆದರೆ 2011ರಲ್ಲಿ ಜಪಾನಿನ ತೊಹೊಕುವಿನಲ್ಲಿ, ಇನ್ನೂ ಹಳೆಯ ಫಲಕದ ಮೇಲೆ, 9.0 ತೀವ್ರತೆಯ ಕಂಪನವಾಯಿತು. ಅರ್ನೋ ಹ್ಯೂರೆ, ಸೆರ್ಜ್ ಲಾಲ್ಮಾಂ ಮೊದಲಾದವರು ಮೇಲಿನ ಫಲಕದ ಸ್ಥಿತಿಯ ಜೊತೆಗೆ ಕಂದಕದಲ್ಲಿ ತುಂಬಿದ ಹೂಳನ್ನೂ ಪರಿಗಣಿಸಿದ್ದಾರೆ: ದಪ್ಪ ಹೂಳು ಫಲಕಗಳ ನಡುವಿನ ಏರುತಗ್ಗು ಮುಚ್ಚಿ, ಸೀಳು ದೂರ ಹರಿಯಲು ಅನುವಾಗುತ್ತದೆ. ಜಗತ್ತಿನ ಅತಿ ದಪ್ಪ ಹೂಳಿರುವ ಕಡೆಗಳಲ್ಲಿ ಬಂಗಾಳವೂ ಒಂದು.

ಇಲ್ಲಿಯ ವಾದ ಇನ್ನೂ ಮುಗಿದಿಲ್ಲ. 2013ರಲ್ಲಿ ವಿನೀತ್ ಗಹಲೌತ್ ಮತ್ತು ಸಹಲೇಖಕರು ಇಂಡೋ-ಬರ್ಮಾ ಬೆಟ್ಟಸಾಲಿನ ಗಡಿ ಕಂಪಿಸದೆ ಜಾರುತ್ತದೆ ಎಂದರು. 2016ರಲ್ಲಿ ಮೈಕೆಲ್ ಸ್ಟೆಕ್ಲರ್ ತಂಡ ಫಲಕಗಳು ವರ್ಷಕ್ಕೆ 13ರಿಂದ 17 ಮಿ.ಮೀ. ಹತ್ತಿರವಾಗುತ್ತಿರುವುದನ್ನು ಅಳೆದು, ಗಡಿ ಬಿಗಿದುಕೊಂಡಿದೆ ಎಂದಿತು. ಎರಡನೆಯದರತ್ತ ನನ್ನ ಒಲವು. ಕಾರಣ ಮ್ಯಾನ್ಮಾರಿನ ಅರಾಕಾನ್ ತೀರ. 1762ರ ಭೂಕಂಪದಲ್ಲಿ ಚೆಡುಬಾ ದ್ವೀಪ ಮೀಟರುಗಟ್ಟಲೆ ಎದ್ದದ್ದಕ್ಕೆ ಮೆಟ್ಟಿಲಾಗಿ ನಿಂತ ತೀರಗಳು ಸಾಕ್ಷಿ. ಪಕ್ಕದ ಕವಲುಬಿರುಕೂ ಅದರಲ್ಲಿ ಪಾಲುಗೊಂಡಿರಬಹುದು, ನಿಜ. ಹಾಗೆಂದು ಉತ್ತರದ ಭಾಗ ಸುರಕ್ಷಿತವೆಂದಾಗದು. ತೊಹೊಕುವಿನ ಕಂದಕ ಕಡಲಡಿಯಲ್ಲಿತ್ತು, ಅಳೆಯುವುದು ಕಷ್ಟವಿತ್ತು. ಇಲ್ಲಿಯ ಗಡಿಯ ಮೇಲೆ ಊರುಗಳೇ ಇವೆ, ಜಿಪಿಎಸ್ ಕೇಂದ್ರಗಳನ್ನು ದಟ್ಟವಾಗಿ ನೆಡಬಹುದು. ದೂರದ ದೊಡ್ಡ ಕಂಪನದ ನಿಧಾನ ಅಲೆಗಳು ಮೆದು ಮೆಕ್ಕಲಿನಲ್ಲಿ ಹಿಗ್ಗುತ್ತವೆ, ಎತ್ತರದ ಕಟ್ಟಡಗಳನ್ನೇ ಹೆಚ್ಚು ತೂಗುತ್ತವೆ. ಜೋಕಾದಲ್ಲಿ ಮನೆ ಕೊಳ್ಳುವವರು ಬೆಲೆ ಕೇಳುವ ಮೊದಲು ಮಣ್ಣಿನ ಪರೀಕ್ಷೆಯ ವರದಿ ಕೇಳಿ ಪಡೆಯಲಿ.