ಹಳೆಯ ಡ್ಯಾಕ್‌ನಲ್ಲಿ ಸಂಗೀತ ಹೆಚ್ಚು ಇಂಪೇ? ಹಣ ಕೊಡುವ ಮೊದಲು ಇದನ್ನು ಓದಿ

1980ರ ದಶಕದ ಸಿ.ಡಿ. ಪ್ಲೇಯರ್‌ಗಳಲ್ಲಿದ್ದ ಚಿಪ್‌ಗಳಲ್ಲೇ ನಿಜವಾದ ಸಂಗೀತವಿತ್ತು, ಈಗಿನ ಚಿಪ್‌ಗಳಲ್ಲಿ ಜೀವವೇ ಇಲ್ಲ ಎನ್ನುವ ಅರ್ಥದ ಸಂದೇಶಗಳು ಸಂಗೀತಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ಇದನ್ನು ನಂಬಿ ಹಳೆಯ ಡ್ಯಾಕ್‌ಗೆ ಸಾವಿರಾರು ರೂಪಾಯಿ ಸುರಿಯುವವರೂ ಇದ್ದಾರೆ. ಈ ಮಾತಿನಲ್ಲಿ ಹುರುಳಿದೆಯೇ?

ಡ್ಯಾಕ್ ಎಂದರೇನು?

ಸಿ.ಡಿ.ಯಲ್ಲಾಗಲಿ ಫೋನಿನಲ್ಲಾಗಲಿ ಹಾಡು ಇರುವುದು ಅಂಕಿಗಳ ರೂಪದಲ್ಲಿ. ಸ್ಪೀಕರ್‌ಗೆ ಅಂಕಿಗಳು ತಿಳಿಯುವುದಿಲ್ಲ, ಅದಕ್ಕೆ ಏರಿಳಿಯುವ ವಿದ್ಯುತ್ ಸಂಕೇತ ಬೇಕು. ಅಂಕಿಯನ್ನು ಸಂಕೇತವಾಗಿ ಬದಲಿಸುವ ಭಾಗವೇ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್, ಚುಟುಕಾಗಿ ಡ್ಯಾಕ್. ನಿಮ್ಮ ಫೋನಿನಲ್ಲಿ, ಟಿವಿಯಲ್ಲಿ, ಬ್ಲೂಟೂತ್ ಇಯರ್‌ಫೋನಿನಲ್ಲಿ ಈಗಾಗಲೇ ಒಂದೊಂದು ಇದೆ.

ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ?

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಂಕಿಗಳು, ಪ್ರತಿ ಅಂಕಿಗೂ 16 ಬಿಟ್. ಫಿಲಿಪ್ಸ್‌ನ ಟಿಡಿಎ1541ಎಯಂಥ ಹಳೆಯ ಚಿಪ್‌ಗಳು ಇದನ್ನು ತಕ್ಕಡಿಯ ಬಟ್ಟುಗಳಂತೆ ನಿಭಾಯಿಸುತ್ತಿದ್ದವು. ಒಂದಕ್ಕಿಂತ ಇನ್ನೊಂದು ಎರಡರಷ್ಟು ತೂಗುವ 16 ಬಟ್ಟುಗಳನ್ನು ಕಲ್ಪಿಸಿಕೊಳ್ಳಿ. ಬೇಕಾದವನ್ನು ಆರಿಸಿ ಇಟ್ಟರೆ 65,536 ಬೇರೆ ಬೇರೆ ಮಟ್ಟಗಳು ಸಿಗುತ್ತವೆ. ಆದರೆ ಎಲ್ಲಕ್ಕಿಂತ ದೊಡ್ಡ ಬಟ್ಟಿನ ತೂಕ ಕೂದಲೆಳೆಯಷ್ಟು ತಪ್ಪಿದರೂ ಸಣ್ಣ ಬಟ್ಟುಗಳ ಲೆಕ್ಕವೇ ಕೆಡುತ್ತದೆ. ಹಾಗಾಗಿ ಇಂಥ ಚಿಪ್‌ಗಳನ್ನು ನಿಖರವಾಗಿ ತಯಾರಿಸುವುದು ಕಷ್ಟ, ದುಬಾರಿ ಕೂಡ.

ಇಂದಿನ ಬಹುತೇಕ ಚಿಪ್‌ಗಳು ಬಳಸುವ ಡೆಲ್ಟಾ-ಸಿಗ್ಮಾ ವಿಧಾನದಲ್ಲಿ ಕೆಲವೇ ಮಟ್ಟಗಳಿರುತ್ತವೆ, ಆದರೆ ಅವು ಸೆಕೆಂಡಿಗೆ ಲಕ್ಷಾಂತರ ಬಾರಿ ಬದಲಾಗುತ್ತವೆ. ಎಲ್‌ಇಡಿ ದೀಪವನ್ನು ಅತಿ ವೇಗವಾಗಿ ಆನ್-ಆಫ್ ಮಾಡಿದಾಗ ಕಣ್ಣಿಗೆ ಮಂದ ಬೆಳಕು ಕಾಣುವುದಿಲ್ಲವೇ? ಇದೂ ಹಾಗೆಯೇ. ಇದರಿಂದ ಹುಟ್ಟುವ ಗದ್ದಲವನ್ನು ಕಿವಿಗೆ ಕೇಳದಷ್ಟು ಮೇಲಿನ ಕಂಪನಾಂಕಗಳತ್ತ ತಳ್ಳಿ, ಅಲ್ಲಿ ಸೋಸಿಬಿಡುತ್ತಾರೆ. ಮಟ್ಟಗಳು ಕಡಿಮೆ ಇರುವುದರಿಂದ ಸಂಗೀತ ಕಳೆದುಹೋಗುತ್ತದೆ ಎನ್ನುವುದು ತಪ್ಪು. 16 ಬಿಟ್‌ನ ಮಿತಿ ಸುಮಾರು 96 ಡೆಸಿಬೆಲ್. ಇಂದಿನ ಸಾಧಾರಣ ಬೆಲೆಯ ಹಲವು ಡ್ಯಾಕ್‌ಗಳು 110 ಡೆಸಿಬೆಲ್ ದಾಟುತ್ತವೆ.

ಹಾಗಾದರೆ ಕೆಲವರಿಗೆ ವ್ಯತ್ಯಾಸ ಕೇಳಿಸುವುದೇಕೆ?

ಮೊದಲ ಕಾರಣ ವಾಲ್ಯೂಮ್. ಎರಡು ಸಾಧನಗಳ ಔಟ್‌ಪುಟ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ತುಸು ಜೋರಾಗಿರುವುದು ನಮಗೆ 'ಜೋರು' ಎಂದಲ್ಲ, 'ಚೆನ್ನಾಗಿದೆ' ಎಂದು ಅನಿಸುತ್ತದೆ.

ಎರಡನೆಯದು, ಹಳೆಯ ಚಿಪ್ ಬಳಸಿ ಈಗ ತಯಾರಾಗುವ ಕೆಲವು ಡ್ಯಾಕ್‌ಗಳಲ್ಲಿ ಸೋಸುವ ಫಿಲ್ಟರನ್ನು ಬೇಕೆಂದೇ ಕೈಬಿಟ್ಟಿರುತ್ತಾರೆ. ಅಂಥವುಗಳಲ್ಲಿ ಸಿ.ಡಿ. ಹಾಡಿನ 20,000 ಹರ್ಟ್ಜ್ ಭಾಗ ಸುಮಾರು 3 ಡೆಸಿಬೆಲ್‌ನಷ್ಟು ತಗ್ಗುತ್ತದೆ. ಇದನ್ನೇ ಕೆಲವರು 'ಮೃದು ನಾದ' ಎನ್ನುತ್ತಾರೆ. ಆ ಮೃದುತ್ವವೇ ಬೇಕಿದ್ದರೆ ಆಂಪ್ಲಿಫೈಯರ್‌ನ ಟ್ರೆಬಲ್ ಗುಂಡಿಯನ್ನು ತುಸು ಇಳಿಸಿ, ಖರ್ಚಿಲ್ಲ.

ಮೂರನೆಯದು ನಿರೀಕ್ಷೆ. ದುಬಾರಿ ವಸ್ತು ಎಂದು ಗೊತ್ತಿದ್ದರೆ ಕಿವಿಯೂ ಹಾಗೆಯೇ ಕೇಳುತ್ತದೆ.

ಮನೆಯಲ್ಲೇ ಪರೀಕ್ಷಿಸಿ

ಎರಡೂ ಡ್ಯಾಕ್‌ಗಳನ್ನು ಒಂದೇ ಆಂಪ್ಲಿಫೈಯರ್‌ಗೆ ಜೋಡಿಸಿ. 100 ಹರ್ಟ್ಜ್ ಟೋನ್ ನುಡಿಸಿ, ಸ್ಪೀಕರ್ ತಂತಿಗಳ ನಡುವಿನ ಎ.ಸಿ. ವೋಲ್ಟೇಜನ್ನು ಮಲ್ಟಿಮೀಟರ್‌ನಲ್ಲಿ ನೋಡಿ. ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆಯಾಗುವಂತೆ ವಾಲ್ಯೂಮ್ ಸರಿಹೊಂದಿಸಿ. ನಂತರ ಮನೆಯವರೊಬ್ಬರು ನಿಮಗೆ ಕಾಣದಂತೆ, ನಾಣ್ಯ ಚಿಮ್ಮಿ ಬಂದಂತೆ, ಯಾವುದಾದರೂ ಒಂದನ್ನು ನುಡಿಸಲಿ. ಅದು ಯಾವುದೆಂದು ನೀವು ಹೇಳಿ. 10ರಲ್ಲಿ 9 ಬಾರಿ ಸರಿ ಹೇಳಿದರೆ ವ್ಯತ್ಯಾಸ ನಿಜವಿರಬಹುದು. 5-6 ಬಾರಿ ಮಾತ್ರ ಸರಿಯಾದರೆ ಅದು ಬರೀ ಊಹೆ. ಸುಸ್ಥಿತಿಯಲ್ಲಿರುವ ಎರಡು ಒಳ್ಳೆಯ ಡ್ಯಾಕ್‌ಗಳನ್ನು ಹೀಗೆ ಗುರುತಿಸುವುದು ಬಹಳ ಕಷ್ಟ.

ಹಳೆಯದನ್ನು ಕೊಳ್ಳುವವರಿಗೆ ಎಚ್ಚರಿಕೆ

• ಜಪಾನಿನ ಮಾರುಕಟ್ಟೆಗೆ ತಯಾರಾದ ಸಾಧನ 100 ವೋಲ್ಟ್‌ನದು, ಅಮೆರಿಕದ್ದು 120 ವೋಲ್ಟ್‌ನದು. ನಮ್ಮ ಪ್ಲಗ್‌ನಲ್ಲಿರುವುದು 230 ವೋಲ್ಟ್. ಹಿಂಬದಿಯ ಲೇಬಲ್ ನೋಡದೆ ನೇರವಾಗಿ ಹಾಕಿದರೆ ಸಾಧನ ಸುಟ್ಟುಹೋಗಬಹುದು, ಬೆಂಕಿಯ ಅಪಾಯವೂ ಉಂಟು.
• 30-40 ವರ್ಷಗಳಲ್ಲಿ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು ಒಣಗುತ್ತವೆ. ಗುಂಯ್ ಎನ್ನುವ ಸದ್ದು ಅದರ ಲಕ್ಷಣವಿರಬಹುದು. ಸಿ.ಡಿ. ಪ್ಲೇಯರ್ ಆದರೆ ಲೇಸರ್ ಭಾಗವೂ ಸವೆದಿರುತ್ತದೆ.
• ಬೇಡಿಕೆಯ ಹಳೆಯ ಚಿಪ್‌ಗಳಲ್ಲಿ ಹೆಸರು ಅಳಿಸಿ ಹೊಸದಾಗಿ ಅಚ್ಚು ಹಾಕಿದ ನಕಲಿಗಳೂ ಮಾರಾಟವಾಗುತ್ತವೆ.
• ಹಳೆಯ ಡ್ಯಾಕ್‌ಗಳಲ್ಲಿ ಯುಎಸ್‌ಬಿ ಇರುವುದಿಲ್ಲ. ಫೋನ್ ಜೋಡಿಸಲು ಮತ್ತೊಂದು ಪರಿವರ್ತಕ ಬೇಕು.

ಕೊನೆಗೆ ಯಾವುದು ಸರಿ?

ಮನೆಯಲ್ಲಿ ಅಪ್ಪನ ಕಾಲದ ಪ್ಲೇಯರ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಸಂತೋಷದಿಂದ ಬಳಸಿ, ಬದಲಿಸಬೇಕಾದ ಅಗತ್ಯವಿಲ್ಲ. ಹಳೆಯ ಯಂತ್ರಗಳ ಮೇಲಿನ ಪ್ರೀತಿಯಿಂದ ಕೊಂಡರೂ ತಪ್ಪಿಲ್ಲ. ಆದರೆ ನಾದ ಸುಧಾರಿಸಲಿ ಎಂದು ಮಾತ್ರ ಕೊಳ್ಳುವುದಾದರೆ ಸಾಧಾರಣ ಬೆಲೆಯ ಹೊಸ ಯುಎಸ್‌ಬಿ ಡ್ಯಾಕ್ ಸಾಕು. ಬ್ಲೂಟೂತ್‌ನಲ್ಲಿ ಕೇಳುವವರಿಗೆ ಅದೂ ಬೇಡ, ಏಕೆಂದರೆ ಆಗ ಕೆಲಸ ಮಾಡುವುದು ಇಯರ್‌ಫೋನಿನೊಳಗಿನ ಡ್ಯಾಕ್. ಉಳಿದ ಹಣವನ್ನು ಸ್ಪೀಕರ್‌ಗೆ ಹಾಕಿ. ಸ್ಪೀಕರ್ ಮತ್ತು ಅದನ್ನು ಕೋಣೆಯಲ್ಲಿ ಇಡುವ ಜಾಗ ತರುವ ಬದಲಾವಣೆ ಯಾರ ಕಿವಿಗಾದರೂ ಕೇಳಿಸುತ್ತದೆ.