ಅಂತರ್ಜಾಲದಲ್ಲಿ ಧಾರಾವಾಹಿ: ಹವ್ಯಾಸಿ ಬರಹಗಾರರಿಗೆ ಒಂದು ಪರಿಚಯ

ವಾರಪತ್ರಿಕೆಯ ಮುಂದಿನ ಕಂತಿಗಾಗಿ ಬಸ್ ನಿಲ್ದಾಣದ ಅಂಗಡಿಯಲ್ಲಿ ಕಾದು ನಿಂತವರು ನಮ್ಮ ತಲೆಮಾರಿನ ಓದುಗರು. ಈಗ ಸಂಪಾದಕರ ಒಪ್ಪಿಗೆಗೆ ಕಾಯದೆ ಲೇಖಕರೇ ತಮ್ಮ ಕಾದಂಬರಿಯನ್ನು ಕಂತು ಕಂತಾಗಿ ಅಂತರ್ಜಾಲದಲ್ಲಿ ಪ್ರಕಟಿಸಬಹುದಾಗಿದೆ. ಆದರೆ ಕ್ರಮ ತಿಳಿಯದೆ ಕೈಹಾಕಿದರೆ ಕಥೆ ಅರ್ಧಕ್ಕೇ ನಿಲ್ಲುವುದುಂಟು, ಬರಹದ ಹಕ್ಕು ಕೈತಪ್ಪುವುದೂ ಉಂಟು.

ಈ ದಾರಿಯಲ್ಲಿ ಹೆಸರು ಮಾಡಿದವರು ಅಮೆರಿಕದ ಆಂಡಿ ವಿಯರ್. ವೃತ್ತಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಮರ್ ಆಗಿದ್ದ ಅವರು ಮೊದಲ ಪ್ರಯತ್ನದಲ್ಲಿ ಪ್ರಕಾಶಕರು ದೊರೆಯದೆ, ಕಥೆಗಳನ್ನು ಸ್ವಂತ ಜಾಲತಾಣದಲ್ಲಿ ಉಚಿತವಾಗಿ ಹಾಕತೊಡಗಿದರು. ಮಂಗಳ ಗ್ರಹದಲ್ಲಿ ಒಂಟಿಯಾಗಿ ಉಳಿದ ಗಗನಯಾತ್ರಿಯ ಕಥೆ 'ದಿ ಮಾರ್ಷಿಯನ್' ಅಲ್ಲಿ 2009ರಿಂದ ಅಧ್ಯಾಯಗಳಾಗಿ ಬಂತು. ಖಾಯಂ ಓದುಗರು ಸುಮಾರು 3,000 ಮಂದಿ. ಅವರಲ್ಲಿ ರಸಾಯನಶಾಸ್ತ್ರ ಬಲ್ಲವರು ತಪ್ಪು ಕಂಡಾಗ ಬರೆದು ತಿಳಿಸಿದರು, ವಿಯರ್ ತಿದ್ದಿಕೊಂಡರು. ಓದುಗರ ಕೋರಿಕೆಯಂತೆ 2011ರಲ್ಲಿ ಅದನ್ನು ಅಮೆಜಾನ್ ಕಿಂಡಲ್‌ಗೆ ಹಾಕಿ, ಅಲ್ಲಿ ಇಡಬಹುದಾದ ಅತಿ ಕಡಿಮೆ ಬೆಲೆ 99 ಸೆಂಟ್ ಇಟ್ಟರು. ಉಚಿತವಾಗಿ ಪಡೆದವರಿಗಿಂತ ಕೊಂಡು ಓದಿದವರೇ ಹೆಚ್ಚಾದರು! 2014ರಲ್ಲಿ ಕ್ರೌನ್ ಸಂಸ್ಥೆ ಮುದ್ರಿತ ಪುಸ್ತಕ ತಂದಿತು, 2015ರಲ್ಲಿ ಸಿನಿಮಾ ಆಯಿತು. ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ, ಆ ಮಾತು ಬೇರೆ. ಆದರೆ ಹಕ್ಕು ಕೊನೆಯವರೆಗೂ ಅವರ ಕೈಯಲ್ಲೇ ಇದ್ದುದರಿಂದ ಮಾರಲು ಸಾಧ್ಯವಾಯಿತು ಎಂಬುದು ಗಮನಿಸಬೇಕಾದ ಸಂಗತಿ.

ಕನ್ನಡದಲ್ಲಿ ಬರೆಯುವವರಿಗೆ ಬೆಂಗಳೂರಿನಲ್ಲಿ 2014ರಲ್ಲಿ ಆರಂಭವಾದ 'ಪ್ರತಿಲಿಪಿ'ಯಂಥ ವೇದಿಕೆಗಳಿವೆ. ಖಾತೆ ತೆರೆದು, ಕಂತುಗಳನ್ನು ಸೇರಿಸುತ್ತಾ ಹೋದರಾಯಿತು. ಹಳೆಯ ನುಡಿ, ಬರಹ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಟ್ಟ ಕಥೆಗಳಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಓದುಗರ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಪರಿವರ್ತನೆಯಾದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಬೇಕು.

ಮೊದಲ ಕಂತು ಹಾಕುವ ಮುನ್ನ ಕನಿಷ್ಠ ಎಂಟು ಹತ್ತು ಕಂತು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕೊಯ್ಲು, ಮದುವೆ, ಮಕ್ಕಳ ಪರೀಕ್ಷೆ ಬಂದಾಗ ಬರವಣಿಗೆ ನಿಲ್ಲುತ್ತದೆ, ಓದುಗರು ಕಾಯುವುದಿಲ್ಲ. ಮೊಬೈಲಿನಲ್ಲಿ ಓದುವವರಿಗೆ ಸಾವಿರ ಶಬ್ದದ ಕಂತು ಸಾಕು. ಪಾತ್ರಗಳ ಹೆಸರು, ವಯಸ್ಸು, ನೆಂಟಸ್ತಿಕೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರನೇ ಕಂತಿನಲ್ಲಿ ಅತ್ತಿಗೆಯಾದವಳು ಹನ್ನೆರಡನೆಯದರಲ್ಲಿ ನಾದಿನಿಯಾದರೆ ಓದುಗರು ಬಿಡುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಕಾಸರಗೋಡಿನ ಮನೆಮಾತಿಗೂ ಅಕ್ಕಲಕೋಟೆಯ ಮನೆಮಾತಿಗೂ ಬೆಂಗಳೂರಿನ ಕನ್ನಡಕ್ಕೂ ವ್ಯತ್ಯಾಸವಿದೆ. ಸಂಭಾಷಣೆಯನ್ನು ತಿದ್ದಿ 'ಶುದ್ಧ'ಗೊಳಿಸುವ ಅಗತ್ಯ ಖಂಡಿತ ಇಲ್ಲ. ಮಲಯಾಳವೋ ಮರಾಠಿಯೋ ಬೆರೆತ ಮಾತನ್ನು ಹಾಗೆಯೇ ಇಟ್ಟು, ಅರ್ಥ ಮುಂದಿನ ವಾಕ್ಯದಲ್ಲಿ ತಿಳಿಯುವಂತೆ ಬರೆದರಾಯಿತು. ನಮ್ಮ ಊರುಗಳ ಮಕ್ಕಳು ಹಲವರು ಬೇರೆ ಭಾಷೆಯ ಶಾಲೆಗೆ ಹೋಗುತ್ತಾರೆ. ಅಜ್ಜಿಯ ಮಾತು ಅವರಿಗೆ ಅಕ್ಷರದಲ್ಲಿ ಸಿಗುವುದು ಇಂಥ ಕಥೆಗಳಲ್ಲೇ.

ಇನ್ನು ಹಕ್ಕಿನ ವಿಚಾರ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದ ಕೂಡಲೇ ಹಕ್ಕು ಲೇಖಕರದು, ನೋಂದಣಿ ಕಡ್ಡಾಯವಲ್ಲ. ಲೇಖಕರ ಮರಣಾನಂತರ 60 ವರ್ಷ ಅದು ಉಳಿಯುತ್ತದೆ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಲಿಖಿತ ಪತ್ರ ಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಪರಿಗಣಿಸಲಾಗುತ್ತದೆ. ಆಡಿಯೋ, ಸಿನಿಮಾ, ಅನುವಾದದ ಹಕ್ಕು ಯಾರದೆಂದು ವೇದಿಕೆಯ ಷರತ್ತುಗಳಲ್ಲಿ ಓದಿಯೇ ಒಪ್ಪಿಗೆ ಒತ್ತಿರಿ.

ವೇದಿಕೆಗಳು ಶಾಶ್ವತವೂ ಅಲ್ಲ. ಅಮೆಜಾನ್ ಧಾರಾವಾಹಿಗಳಿಗೆಂದೇ 2021ರಲ್ಲಿ ಅಮೆರಿಕದಲ್ಲಿ ಆರಂಭಿಸಿದ 'ಕಿಂಡಲ್ ವೆಲ್ಲಾ' 2025ರ ಫೆಬ್ರವರಿಯಲ್ಲಿ ಮುಚ್ಚಿತು. ಆದ್ದರಿಂದ ಪ್ರತಿ ಕಂತಿನ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇರಲಿ, ಸಾಧ್ಯವಾದರೆ ಇನ್ನೊಂದು ಕಾಗದದ ಮೇಲೆ.