ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು: ಮೊದಲು ಗೇರ್ ಬಾಕ್ಸ್ ನೋಡಿ, ಆಮೇಲೆ ಬಣ್ಣ

ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ವಯನಾಡಿನಿಂದ ಇಳಿಯುವ ತಾಮರಶ್ಶೇರಿ ಚುರಂನಲ್ಲಿ ಒಂಬತ್ತು. ಮುಂದೊಂದು ಲೋಡ್ ಲಾರಿ ತೆವಳುತ್ತಿದ್ದರೆ ಮಾಮೂಲಿ ಗೇರ್ ಕಾರಿನವರ ಎಡಗಾಲಿಗೆ ಬಿಡುವಿಲ್ಲ. ಮಂಡಿನೋವಿನ ಹಿರಿಯರು, ಹೊಸದಾಗಿ ಡ್ರೈವಿಂಗ್ ಕಲಿತ ಸೊಸೆ, ಊರಿಗೆ ಬಂದಾಗ ಮಾತ್ರ ಕಾರು ಮುಟ್ಟುವ ಮಗ ಹೀಗೆ ಮನೆಯಲ್ಲಿ ಮೂರು ನಾಲ್ಕು ಮಂದಿ ಓಡಿಸುವ ಕಾರಿಗೆ ಕ್ಲಚ್ಚೇ ಇಲ್ಲದಿದ್ದರೆ ಅನುಕೂಲ ಎಂಬುದರಲ್ಲಿ ಎರಡು ಮಾತಿಲ್ಲ.

ಹೊಸದು ದುಬಾರಿ ಎಂದು ಜನ ಹಳೆಯದರತ್ತ ನೋಡುತ್ತಾರೆ. ಅದರಲ್ಲೂ ನಾಲ್ಕು ಮೀಟರ್‌ಗಿಂತ ಕಡಿಮೆ ಉದ್ದದ, ಆದರೆ ಒಳಗೆ ಐದು ಜನಕ್ಕೆ ಜಾಗವಿರುವ ಪ್ರೀಮಿಯಂ ಹ್ಯಾಚ್‌ಬ್ಯಾಕ್‌ಗಳಿಗೆ ಬೇಡಿಕೆ ಹೆಚ್ಚು. ಮಾರುತಿ ಬಲೆನೊ, ಟೊಯೋಟಾ ಗ್ಲಾನ್ಜಾ, ಹ್ಯುಂಡೈ ಐ20, ಹೋಂಡಾ ಜಾಝ್, ಫೋಕ್ಸ್‌ವ್ಯಾಗನ್ ಪೋಲೊ, ಟಾಟಾ ಆಲ್ಟ್ರೋಜ್ ಈ ಗುಂಪಿನವು. ಆದರೆ ಹಳೆ ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನ್‌ಗಿಂತ ದೊಡ್ಡ ಖರ್ಚು ತರಬಲ್ಲದ್ದು ಗೇರ್ ಬಾಕ್ಸ್. ಕೆಲವು ಬಗೆಯವು ಕೆಟ್ಟರೆ ರಿಪೇರಿ ಬಿಲ್ಲು ಲಕ್ಷ ರೂಪಾಯಿ ದಾಟುವುದುಂಟು. ಅಡಿಕೆಯದ್ದೋ ಈರುಳ್ಳಿಯದ್ದೋ ಒಂದು ವರ್ಷದ ಉಳಿತಾಯ ಅಲ್ಲಿಗೆ ಹೋಯಿತು.

ಒಂದೇ ಹೆಸರು, ಬೇರೆ ಬೇರೆ ಯಂತ್ರ

ಜಾಹೀರಾತಿನಲ್ಲಿ 'ಆಟೋಮ್ಯಾಟಿಕ್' ಎಂದಷ್ಟೇ ಬರೆದಿರುತ್ತಾರೆ. ಅದು ಸಾಲದು. ಇದರಲ್ಲಿ ನಾಲ್ಕು ಬಗೆಗಳಿವೆ.

ಮೊದಲನೆಯದು ಎಎಂಟಿ. ಇದು ಮಾಮೂಲಿ ಗೇರ್ ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಮನುಷ್ಯನ ಬದಲು ಮೋಟಾರು ಮಾಡುತ್ತದೆ. ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ವಾಲುವುದು ಇದರ ಗುಣ. ರಿಪೇರಿ ಅಗ್ಗ, ಮೈಲೇಜ್ ಚೆನ್ನ. ಆದರೆ ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಒತ್ತಿಕೊಂಡೇ ಕಾರು ನಿಲ್ಲಿಸುವ ಅಭ್ಯಾಸದವರ ಕೈಗೆ ಸಿಕ್ಕರೆ ಕ್ಲಚ್ ಪ್ಲೇಟ್ ಬೇಗ ಸುಡುತ್ತದೆ.

ಎರಡನೆಯದು ಸಿವಿಟಿ. ಇದರಲ್ಲಿ ಹಲ್ಲಿನ ಗೇರ್‌ಗಳ ಬದಲು ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ರಾಟೆಗಳ ಅಗಲ ಹಿಗ್ಗಿ ಕುಗ್ಗಿದಂತೆ ವೇಗ ಬದಲಾಗುತ್ತದೆ. ಜರ್ಕ್ ಇಲ್ಲವೇ ಇಲ್ಲ. ವಾಂತಿ ಮಾಡುವ ಮಕ್ಕಳಿರುವ ಮನೆಗೆ ಇದಕ್ಕಿಂತ ನಯವಾದದ್ದು ಇನ್ನೊಂದಿಲ್ಲ. ಜೋರಾಗಿ ಒತ್ತಿದರೆ ಸದ್ದು ಮೊದಲು, ವೇಗ ಆಮೇಲೆ ಎಂಬುದೊಂದೇ ಕಿರಿಕಿರಿ. ಇದಕ್ಕೆ ಅದರದೇ ಆದ ಆಯಿಲ್ ಬೇಕು. ಬೇರೆ ಗೇರ್ ಆಯಿಲ್ ಹಾಕಿದರೆ ಗೇರ್ ಬಾಕ್ಸೇ ಹಾಳು.

ಮೂರನೆಯದು ಟಾರ್ಕ್ ಕನ್ವರ್ಟರ್. ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವೆ ಕ್ಲಚ್ ಪ್ಲೇಟಿನ ಬದಲು ಆಯಿಲ್ ಮೂಲಕ ಶಕ್ತಿ ಸಾಗುವ ಹಳೆಯ ವಿಧಾನ. ಪೆಟ್ರೋಲ್ ಸ್ವಲ್ಪ ಹೆಚ್ಚು ಕುಡಿಯುತ್ತದೆ, ಆದರೆ ಏರಿನಲ್ಲಿ ತೆವಳುವುದಕ್ಕೆ ಗಟ್ಟಿ.

ನಾಲ್ಕನೆಯದು ಡಿಸಿಟಿ, ಅಂದರೆ ಎರಡು ಕ್ಲಚ್‌ಗಳದ್ದು. ಒಂದು ಕ್ಲಚ್ ಈಗಿನ ಗೇರಿನಲ್ಲಿದ್ದರೆ ಇನ್ನೊಂದು ಮುಂದಿನ ಗೇರನ್ನು ಸಿದ್ಧ ಮಾಡಿಟ್ಟುಕೊಂಡಿರುತ್ತದೆ. ಓಡಿಸಲು ಇದರಷ್ಟು ಮಜಾ ಬೇರಾವುದರಲ್ಲೂ ಇಲ್ಲ. ಆದರೆ ಕ್ಲಚ್ 'ಡ್ರೈ' ಆಗಿದ್ದರೆ ನಿಂತು ಹೋಗುವ ಟ್ರಾಫಿಕ್‌ನಲ್ಲಿ, ತೆವಳುವ ಘಾಟಿಯಲ್ಲಿ ಬಿಸಿಯಾಗುತ್ತದೆ. ಆಯಿಲ್‌ನಲ್ಲಿ ಮುಳುಗಿರುವ 'ವೆಟ್' ಕ್ಲಚ್ ಬಿಸಿ ತಾಳಿಕೊಳ್ಳುತ್ತದೆ.

ಈಗ ಹೆಸರುಗಳಿಗೆ ಬರೋಣ. 2015ರಲ್ಲಿ ಬಂದ ಬಲೆನೊದ ಆಟೋಮ್ಯಾಟಿಕ್ 2022ರ ಆರಂಭದವರೆಗೂ ಸಿವಿಟಿ. 2022ರ ಫೆಬ್ರವರಿಯ ಹೊಸ ಮಾದರಿಯಿಂದ ಎಎಂಟಿ. 2019ರಲ್ಲಿ ಬಂದ ಗ್ಲಾನ್ಜಾ ಅದೇ ಕಾರು, ಲಾಂಛನ ಬೇರೆ. ಅದರದ್ದೂ ಇದೇ ಕತೆ. ಪೋಲೊ ಜಿಟಿ ಟಿಎಸ್‌ಐ 2013ರಿಂದ 2020ರವರೆಗೆ ಏಳು ಗೇರಿನ ಡ್ರೈ ಡಿಸಿಟಿ. 2020ರಿಂದ ಪೋಲೊ ನಿಂತುಹೋದ 2022ರವರೆಗೆ ಒಂದು ಲೀಟರ್ ಟರ್ಬೊ ಎಂಜಿನ್ ಜೊತೆ ಆರು ಗೇರಿನ ಟಾರ್ಕ್ ಕನ್ವರ್ಟರ್. ಎಲೈಟ್ ಐ20ಯಲ್ಲಿ 2018ರಿಂದ ಸಿವಿಟಿ ಇತ್ತು. 2020ರ ನವೆಂಬರ್‌ನ ಹೊಸ ಐ20ಯಲ್ಲಿ 1.2 ಲೀಟರ್ ಎಂಜಿನ್‌ಗೆ ಐವಿಟಿ (ಸಿವಿಟಿಗೆ ಕಂಪನಿ ಇಟ್ಟ ಹೆಸರು), ಟರ್ಬೊಗೆ ಡಿಸಿಟಿ. ಆಲ್ಟ್ರೋಜ್‌ಗೆ 2022ರ ಮಾರ್ಚ್‌ವರೆಗೆ ಆಟೋಮ್ಯಾಟಿಕ್ ಇರಲೇ ಇಲ್ಲ. ಆಗ ಬಂದದ್ದು ವೆಟ್ ಕ್ಲಚ್ ಡಿಸಿಟಿ. 2015ರ ಜಾಝ್ ಪೆಟ್ರೋಲ್ ಆಟೋಮ್ಯಾಟಿಕ್ ಸಿವಿಟಿ. ಆ ಕಾರಿನ ಮಾರಾಟ 2023ರಲ್ಲಿ ನಿಂತಿತು.

ಹಾಗಾಗಿ 'ಬಲೆನೊ ಆಟೋಮ್ಯಾಟಿಕ್ ಇದೆ' ಎಂದು ದಲ್ಲಾಳಿ ಫೋನ್ ಮಾಡಿದರೆ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ಯಾವ ವರ್ಷ ಯಾವ ತಿಂಗಳು ಎಂಬುದು.

ಯಾರಿಗೆ ಯಾವುದು?

ನಿತ್ಯ ಘಾಟಿ ಹತ್ತಿಳಿಯುವ ವಯನಾಡು, ನೀಲಗಿರಿ, ತಾಳವಾಡಿ ಕಡೆಯವರಿಗೆ ಟಾರ್ಕ್ ಕನ್ವರ್ಟರ್ ಇಲ್ಲವೇ ಚೆನ್ನಾಗಿ ಸರ್ವಿಸ್ ಆದ ಸಿವಿಟಿ ಒಳ್ಳೆಯದು. ಇಳಿಯುವಾಗ 'ಡಿ'ಯಲ್ಲೇ ಬಿಟ್ಟು ಬ್ರೇಕ್ ಮೇಲೆಯೇ ಭಾರ ಹಾಕಬಾರದು. ಬಲೆನೊ, ಜಾಝ್ ಸಿವಿಟಿಗಳಲ್ಲಿ ಅದಕ್ಕೆಂದೇ 'ಎಲ್' ಸ್ಥಾನವಿದೆ. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ ಕಡೆಯ ಸಮತಟ್ಟು ರಸ್ತೆಗೆ ಎಎಂಟಿಯೂ ಸಾಕು, ಖರ್ಚೂ ಕಡಿಮೆ. ಹಳೆಯ ಡ್ರೈ ಡಿಸಿಟಿ ಅಗ್ಗಕ್ಕೆ ಸಿಗುತ್ತಿದೆ ಎಂದು ಹಿಗ್ಗುವವರು, ಅದು ಯಾಕೆ ಅಗ್ಗ ಎಂದೂ ಕೇಳಿಕೊಳ್ಳಬೇಕು.

ಮನೆಮಂದಿಯ ಲೆಕ್ಕದಲ್ಲಿ ನೋಡಿದರೆ ಜಾಝ್‌ನ ಡಿಕ್ಕಿ 354 ಲೀಟರ್, ಆಲ್ಟ್ರೋಜ್‌ನದ್ದು 345, ಹಳೆ ಬಲೆನೊದ್ದು 339, ಹೊಸದರದ್ದು 318, ಹೊಸ ಐ20ಯದ್ದು 311. ಪೋಲೊ ಗಟ್ಟಿಮುಟ್ಟು, ಆದರೆ ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಕೂತರೆ ಜಗಳ ಖಚಿತ. ಹಿರಿಯರನ್ನು ಕರೆದುಕೊಂಡು ಹೋಗಿ ಹತ್ತಿಸಿ ಇಳಿಸಿ ನೋಡುವುದೇ ಸರಿ. ಕಾಗದದ ಮೇಲಿನ ಅಳತೆ ಮಂಡಿಗೆ ಗೊತ್ತಾಗುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಆಲ್ಟ್ರೋಜ್ 2020ರಲ್ಲಿ ಐದು ನಕ್ಷತ್ರ, ಜಾಝ್ ಅದೇ ವರ್ಷ ನಾಲ್ಕು, ಎರಡು ಏರ್‌ಬ್ಯಾಗಿನ ಪೋಲೊ 2014ರಲ್ಲಿ ನಾಲ್ಕು, ಐ20 2022ರಲ್ಲಿ ಮೂರು ಪಡೆದಿವೆ. ಇವೆಲ್ಲ ಹಳೆಯ ನಿಯಮದ ಅಂಕಗಳು. ಆಮೇಲೆ ಪರೀಕ್ಷೆ ಬಿಗಿಯಾಗಿದೆ. ಮಗುವಿನ ಸೀಟು ಕಟ್ಟುವವರು ಹಿಂದೆ ಐಸೊಫಿಕ್ಸ್ ಕೊಂಡಿ ಇದೆಯೇ ಎಂದು ಬೆರಳು ಹಾಕಿ ನೋಡಬೇಕು.

ಓಡಿಸಿ ನೋಡುವ ಬಗೆ

ಕಾರು ನೋಡಲು ಹೋದಾಗ ಬಾನೆಟ್ ಮೇಲೆ ಕೈಯಿಡಿ. ಆಗಲೇ ಬಿಸಿಯಾಗಿದ್ದರೆ ಮಾರುವವರು ಮೊದಲೇ ಓಡಿಸಿ ತಂದಿದ್ದಾರೆ ಎಂದರ್ಥ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಹಿಡಿದು ರಿವರ್ಸ್‌ಗೆ, ಮತ್ತೆ ಡ್ರೈವ್‌ಗೆ ಹಾಕಬೇಕು. ಗೇರ್ ಕೂರಲು ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದರೆ, ಅಥವಾ 'ದಡ್' ಎಂದರೆ ಸಂಶಯ ಪಡಬೇಕು.

ಬಳಿಕ ನಿಧಾನವಾಗಿ 40ರ ವೇಗದವರೆಗೆ. ಸಿವಿಟಿಯಲ್ಲಿ ನಡುಕ ಅಥವಾ ಕೀರಲು ಸದ್ದು, ಡಿಸಿಟಿಯಲ್ಲಿ ಒಂದು ಎರಡನೇ ಗೇರ್ ನಡುವಿನ ತಡವರಿಕೆ, ಎಎಂಟಿಯಲ್ಲಿ ಸುಟ್ಟ ವಾಸನೆ ಇವು ಒಳ್ಳೆಯ ಲಕ್ಷಣಗಳಲ್ಲ. ಒಂದು ಏರು ಸಿಕ್ಕಲ್ಲಿ ನಿಲ್ಲಿಸಿ ಬ್ರೇಕ್ ಬಿಟ್ಟು ಹೊರಡಬೇಕು. ಹಿಂದಕ್ಕೆ ಜಾರುತ್ತದೆಯೇ, ಹಿಲ್ ಹೋಲ್ಡ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುತ್ತದೆ. ಹತ್ತು ನಿಮಿಷದ ಸುತ್ತು ಸಾಲದು. ಮುಕ್ಕಾಲು ಗಂಟೆ ಓಡಿಸಿ ಗೇರ್ ಬಾಕ್ಸ್ ಪೂರ್ತಿ ಬಿಸಿಯಾದ ಮೇಲೆ ರಿವರ್ಸ್, ಡ್ರೈವ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಅನೇಕ ದೋಷಗಳು ಬಿಸಿಯಲ್ಲಿ ಹೊರಬರುತ್ತವೆ.

ಸರ್ವಿಸ್ ದಾಖಲೆಯಲ್ಲಿ ಗೇರ್ ಬಾಕ್ಸ್ ಆಯಿಲ್ ಬದಲಿಸಿದ ಬಿಲ್ಲು ಇದೆಯೇ ಎಂಬುದು ಮುಖ್ಯ. ಎಂಜಿನ್ ಆಯಿಲ್ ಬಿಲ್ಲು ಎಲ್ಲರ ಬಳಿಯೂ ಇರುತ್ತದೆ. ಸಿವಿಟಿಗೆ 40ರಿಂದ 60 ಸಾವಿರ ಕಿ.ಮೀ. ನಡುವೆ ಆಯಿಲ್ ಬದಲಿಸುವುದು ಒಳ್ಳೆಯದೆಂದು ಅನುಭವಿ ಮೆಕ್ಯಾನಿಕ್‌ಗಳು ಹೇಳುತ್ತಾರೆ. 80 ಸಾವಿರ ಓಡಿದ ಸಿವಿಟಿಗೆ ಒಮ್ಮೆಯೂ ಬದಲಿಸಿಲ್ಲವಾದರೆ ಬೆಲೆ ಇಳಿಸಿ ಕೇಳಬೇಕು, ಇಲ್ಲವೇ ಬಿಟ್ಟುಬಿಡಬೇಕು. ಅದೇ ದಾಖಲೆಯ ಕಿ.ಮೀ. ಅಂಕಿಗಳನ್ನು ಮೀಟರಿನ ಜೊತೆ ತಾಳೆ ನೋಡಿದರೆ ಮೀಟರ್ ತಿರುಗಿಸಿದ್ದೂ ಸಿಕ್ಕಿಬೀಳುತ್ತದೆ.

ಇನ್ನು ನೀರಲ್ಲಿ ಮುಳುಗಿದ ಕಾರುಗಳು. 2015ರ ಮತ್ತು 2023ರ ಡಿಸೆಂಬರ್‌ಗಳಲ್ಲಿ ಚೆನ್ನೈ, 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದ್ದು ಎಲ್ಲರಿಗೂ ನೆನಪಿದೆ. ಆಟೋಮ್ಯಾಟಿಕ್ ಗೇರ್ ಬಾಕ್ಸನ್ನು ನಡೆಸುವುದು ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ್ದರಿಂದ ಅದಕ್ಕೆ ನೀರು ಪರಮ ಶತ್ರು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಕೆಸರಿನ ಗೆರೆ ಕಾಣಬಹುದು. ಸ್ಟೆಪ್ನಿ ಇಡುವ ಗುಂಡಿ, ಮುಂದಿನ ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಮ್ಯಾಟಿನ ಕೆಳಗಿನ ಮುಗ್ಗಲು ವಾಸನೆ ಇವು ಪಾಲಿಶ್‌ಗೆ ಹೋಗುವುದಿಲ್ಲ.

ಹಳ್ಳಿಯಲ್ಲಿರುವವರು ಇನ್ನೊಂದು ಮಾತು ತಿಳಿದಿರಬೇಕು. ಬ್ಯಾಟರಿ ಇಳಿದರೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡುವ ಉಪಾಯ ಇಲ್ಲಿ ನಡೆಯದು. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆದೊಯ್ಯುವಂತಿಲ್ಲ. ಮುಂದಿನ ಚಕ್ರ ಎತ್ತಿಯೇ ಸಾಗಿಸಬೇಕು. ಆದ್ದರಿಂದ ಆ ಕಂಪನಿಯ ವರ್ಕ್‌ಶಾಪ್ ಎಷ್ಟು ದೂರ ಎಂಬುದೂ ಆಯ್ಕೆಯ ಒಂದು ಭಾಗ. ಕಾಸರಗೋಡಿನವರಿಗೆ ಮಂಗಳೂರು, ತಾಳವಾಡಿಯವರಿಗೆ ಚಾಮರಾಜನಗರ, ಜತ್ತಿನವರಿಗೆ ವಿಜಯಪುರ ಹತ್ತಿರ ಎನಿಸುವುದು ಸಹಜ.

ಗಡಿಯಾಚೆಯ ನಂಬರ್ ಪ್ಲೇಟ್

ಹಾಗಾಗಿಯೇ ಕಾರನ್ನೂ ಅಲ್ಲಿಂದಲೇ ತರುತ್ತಾರೆ. ಕೆಎ 19 ಪ್ಲೇಟಿನ ಕಾರು ಮಂಜೇಶ್ವರದ ಅಂಗಳದಲ್ಲಿ, ಕೆಎ 28 ಪ್ಲೇಟಿನದ್ದು ಜತ್ತಿನಲ್ಲಿ ವರ್ಷಗಟ್ಟಲೆ ನಿಂತಿರುವುದು ಹೊಸದೇನಲ್ಲ. ಕೆಲವರು ಕರ್ನಾಟಕದಲ್ಲಿರುವ ಭಾವನ ಹೆಸರಿನಲ್ಲೇ ಆರ್.ಸಿ. ಮಾಡಿಸಿ ತಾವು ಓಡಿಸುತ್ತಾರೆ. ಕಾನೂನು ಬೇರೆ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಲೇಬೇಕು.

ಮಾರಿದವರಿಗೂ ಇದರಲ್ಲಿ ಅಪಾಯವಿದೆ. ಅಪಘಾತವಾದಾಗ ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಕಾರು ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿತ್ತು, ಆದರೆ ಹೆಸರು ಮಾತ್ರ ಮೊದಲಿನವರದ್ದೇ ಉಳಿದಿತ್ತು. ಭಾವನ ಹೆಸರು ಕೊಟ್ಟ ಭಾವನಿಗೂ ಇದು ಅನ್ವಯಿಸುತ್ತದೆ.

ಸರಿಯಾದ ದಾರಿ ಸ್ವಲ್ಪ ಉದ್ದ. ಮೊದಲು ಕಾರಿನ ಮೂಲ ಆರ್‌ಟಿಓದಿಂದ ಫಾರಂ 28ರಲ್ಲಿ ಎನ್‌ಒಸಿ. ಬಾಕಿ ಇ-ಚಲನ್, ತೆರಿಗೆ ಇದ್ದರೆ ಅದು ಸಿಗದು. ಬ್ಯಾಂಕ್ ಸಾಲ ತೀರಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ. ಮಾರಾಟಕ್ಕೆ ಫಾರಂ 29 ಮತ್ತು 30. ಊರಿನ ಆರ್‌ಟಿಓದಲ್ಲಿ ಹೊಸ ನಂಬರಿಗೆ ಫಾರಂ 27, ಜೊತೆಗೆ ಆ ರಾಜ್ಯದ ತೆರಿಗೆ. ತೆರಿಗೆಯನ್ನು ಕಾರಿನ ವಯಸ್ಸು ಮತ್ತು ಮೊದಲ ಬೆಲೆ ನೋಡಿ ಲೆಕ್ಕ ಹಾಕುವುದರಿಂದ ಶೋರೂಮಿನ ಮೂಲ ಬಿಲ್ಲಿನ ಪ್ರತಿಯನ್ನು ಮಾರುವವರಿಂದ ಆಗಲೇ ಕೇಳಿ ಪಡೆಯಬೇಕು. ಆಮೇಲೆ ಕೇಳಿದರೆ ಫೋನ್ ಎತ್ತುವವರು ಕಡಿಮೆ.

ಕರ್ನಾಟಕದಲ್ಲಿ ಕಟ್ಟಿದ ಜೀವಿತಾವಧಿ ತೆರಿಗೆಯ ಉಳಿದ ಪಾಲನ್ನು ಹೊಸ ನೋಂದಣಿಯ ದಾಖಲೆ ತೋರಿಸಿ ವಾಪಸು ಕೇಳಲು ಅವಕಾಶವಿದೆ. ಆ ಹಣ ಯಾರಿಗೆ ಎಂಬುದನ್ನು ಮಾರಾಟದ ದಿನವೇ ಬರೆದುಕೊಳ್ಳಬೇಕು. ಓಡಾಟ, ಎರಡನೇ ತೆರಿಗೆ ಎಲ್ಲ ಕೂಡಿಸಿದರೆ, ಸ್ವಲ್ಪ ಹೆಚ್ಚು ಬೆಲೆಯಾದರೂ ಸ್ವಂತ ರಾಜ್ಯದ ಕಾರೇ ಅಗ್ಗವಾಗುವುದು ಅಪರೂಪವಲ್ಲ. ಕೆಎಲ್ 14, ಟಿಎನ್ 70, ಎಂಎಚ್ 13ರಲ್ಲಿ ಮೊದಲು ಹುಡುಕಿ ನೋಡಬೇಕು.

ಬೆಲೆ ಮಾತಾಡುವಾಗ ಇನ್ನೊಂದು ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಹೊಸ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ಅದಕ್ಕೂ ಮೊದಲು ಕೊಂಡವರು ತಾವು ಕೊಟ್ಟ ಬೆಲೆ ಹೇಳಿ ಚೌಕಾಸಿ ಮಾಡುತ್ತಾರೆ. ಹೋಲಿಸಬೇಕಾದ್ದು ಇಂದಿನ ಹೊಸ ಕಾರಿನ ಬೆಲೆಯ ಜೊತೆ.

ಹಣ ಕೊಡುವ ಮುನ್ನ ಪರಿವಾಹನ್ ತಾಣದಲ್ಲಿ ನಂಬರ್ ಹಾಕಿ ಸಾಲ, ವಿಮೆ, ಎಷ್ಟನೇ ಮಾಲೀಕ ಎಂಬುದನ್ನು ನೋಡಬಹುದು. ಚಾಸಿಸ್ ನಂಬರನ್ನು ಆರ್.ಸಿ. ಜೊತೆ ಕಣ್ಣಾರೆ ತಾಳೆ ನೋಡಬೇಕು. ಹೆಸರು ಬದಲಾದ 14 ದಿನದೊಳಗೆ ವಿಮೆಯನ್ನೂ ಬದಲಿಸಬೇಕು. ನೋ ಕ್ಲೇಮ್ ಬೋನಸ್ ಮಾರಿದವರದ್ದು, ಅದು ಕಾರಿನ ಜೊತೆ ಬರುವುದಿಲ್ಲ. ಹಳೆ ಮಾಲೀಕರು ತಮ್ಮ ಫಾಸ್ಟ್ಯಾಗ್ ಮುಚ್ಚಿಸಿದ್ದಾರೆಯೇ ಎಂದು ಕೇಳಿ, ಎರಡನೇ ಕೀಲಿಯನ್ನೂ ಪಡೆದು ಹೊರಡಬೇಕು.